ಪಿಎಂ6:ವೈ6 ಸೋಲಾರ್ ಸೆಲ್ ವಾರದೊಳಗೇ ಕುಸಿಯುತ್ತಿದೆ, ಪಾಲಿಮರ್ ಬದಲಿಸಬೇಕೇ?

ನೀವು ಕೊಟ್ಟಿರುವ ರಚನೆ: ಐಟಿಓ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನ) ಇರುವ ಗಾಜು, ಎಲೆಕ್ಟ್ರಾನ್ ಹೊರಗೊಯ್ಯುವ ಝಿಂಕ್ ಆಕ್ಸೈಡ್, ಬೆಳಕು ಹೀರುವ ಪಿಎಂ6:ವೈ6 ಸಾವಯವ ಪದರ (ಪಿಎಂ6 ಪಾಲಿಮರ್, ವೈ6 ಅದರಿಂದ ಎಲೆಕ್ಟ್ರಾನ್ ಪಡೆಯುವ ಸಣ್ಣ ಅಣು), ಮಾಲಿಬ್ಡಿನಮ್ ಆಕ್ಸೈಡ್, ಬೆಳ್ಳಿ. ಮೊದಲ ದಿನ 14% ಇದ್ದ ದಕ್ಷತೆ ಬೆಳಕಿನಲ್ಲಿಟ್ಟ ಒಂದು ವಾರಕ್ಕೆ 9% ಆಗಿದೆ ಅಂತೀರಿ. ಪಾಲಿಮರ್ ಮುಟ್ಟಬೇಡಿ. ನಾನು ಮೊದಲು ಅನುಮಾನಿಸುವುದು ಝಿಂಕ್ ಆಕ್ಸೈಡನ್ನು.

ಯುವಿ (ನೇರಳಾತೀತ ಬೆಳಕು) ಬಿದ್ದರೆ ಝಿಂಕ್ ಆಕ್ಸೈಡ್ ಫೋಟೋಕ್ಯಾಟಲಿಸ್ಟ್ ಆಗುತ್ತದೆ, ಅಂದರೆ ಬೆಳಕಿನ ಬಲದಿಂದ ರಾಸಾಯನಿಕ ಕ್ರಿಯೆಗೆ ವೇಗ ಕೊಡುತ್ತದೆ. ವೈ6 ಅಣುವಿನ ನಡುಭಾಗಕ್ಕೆ ಎರಡು ತುದಿಗಳನ್ನು ಕಟ್ಟಿರುವ ಇಂಗಾಲದ ದ್ವಿಬಂಧ ಅಲ್ಲಿ ಮುರಿಯುತ್ತದೆ. ಹಾಳಾಗುವುದು ಝಿಂಕ್ ಆಕ್ಸೈಡಿಗೆ ತಾಗಿರುವ ತೆಳುಭಾಗವಷ್ಟೇ, ಆದರೆ ಎಲೆಕ್ಟ್ರಾನ್ ಹೊರಗೆ ಹೋಗಬೇಕಾದದ್ದು ಅಲ್ಲಿಂದಲೇ.

ಖಚಿತ ಮಾಡಿಕೊಳ್ಳಲು ಒಂದೇ ಬ್ಯಾಚಿನ ಮೂರು ಸೆಲ್ ಸಾಕು, ಮೂರೂ ನೈಟ್ರೋಜನ್ನಿನಲ್ಲೇ ಇರಲಿ. ಒಂದು ಕತ್ತಲಲ್ಲಿ, ಒಂದು ನೇರ ಬೆಳಕಿನಲ್ಲಿ, ಇನ್ನೊಂದು 400 ನ್ಯಾನೋಮೀಟರ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರಿನ ಹಿಂದೆ. ಫಿಲ್ಟರ್ ಹಿಂದಿನದು ನಿಂತು, ನೇರ ಬೆಳಕಿನದು ಬಿದ್ದರೆ ಕಳ್ಳ ಸಿಕ್ಕಿದ ಹಾಗೆ. ಕತ್ತಲಲ್ಲಿಟ್ಟದ್ದೂ ಬಿದ್ದರೆ ಪದರದ ಮಿಶ್ರಣ ಬೇರ್ಪಡುತ್ತಿದೆಯೋ, ಮಾಲಿಬ್ಡಿನಮ್ ಆಕ್ಸೈಡ್ ಕಡೆ ತೊಂದರೆಯೋ ನೋಡಿ. ಹಾಂ, ಬಿಳಿ ಎಲ್‌ಇಡಿಯಲ್ಲಿ ಯುವಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದರಡಿ ಸಾವಿರ ಗಂಟೆ ಬಾಳಿದ ಸೆಲ್ ಬಿಸಿಲಿಗೆ ಬಂದ ಕೂಡಲೇ ಮಕಾಡೆ ಮಲಗಬಹುದು.

ಪರಿಹಾರಗಳಲ್ಲಿ ಸುಲಭದ್ದು ಗಾಜಿನ ಹೊರಮೈಗೆ ಯುವಿ ಫಿಲ್ಟರ್ ಹಾಳೆ. ಕರೆಂಟ್ ತುಸು ತಗ್ಗುತ್ತದೆ, ಒಪ್ಪಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಟಿನ್ ಆಕ್ಸೈಡಿಗೆ ಬದಲಾಗುವುದು, ಇಲ್ಲವೇ ಝಿಂಕ್ ಆಕ್ಸೈಡಿನ ಮೇಲೆ ಸಿ60 (ಚೆಂಡಿನಾಕಾರದ ಇಂಗಾಲದ ಅಣು) ಇರುವ ಒಂದೇ ಅಣುವಿನಷ್ಟು ದಪ್ಪದ ಪದರ ಕೂರಿಸುವುದು.

ಇನ್ನು ದಕ್ಷತೆ. ಪಿಎಂ6 ಮತ್ತು ವೈ6 1:1.2 ತೂಕದಲ್ಲಿ, ಒಟ್ಟು 16 ಮಿ.ಗ್ರಾಂ, 1 ಮಿ.ಲೀ ಕ್ಲೋರೋಫಾರ್ಮ್‌ನಲ್ಲಿ, ಜೊತೆಗೆ ಪದರದ ರಚನೆ ಸುಧಾರಿಸುವ 0.5% ಕ್ಲೋರೋನಾಫ್ತಲೀನ್. 3000 ಆರ್‌ಪಿಎಂ ಸುತ್ತಮುತ್ತ ತಿರುಗಿಸಿ, ಸುಮಾರು 100 ನ್ಯಾನೋಮೀಟರ್ ಬರಲಿ, 90 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ. ಫಿಲ್ಮಿನಲ್ಲಿ ಧೂಮಕೇತುವಿನಂಥ ಬಾಲದ ಗೆರೆ ಕಂಡರೆ ಧೂಳು ಬಿದ್ದಿದೆ, ಇಲ್ಲವೇ ಪಾಲಿಮರ್ ಪೂರ್ತಿ ಕರಗಿಲ್ಲ; ದ್ರಾವಣವನ್ನು 40 ಡಿಗ್ರಿಗೆ ಬಿಸಿ ಮಾಡಿ ಇನ್ನಷ್ಟು ಹೊತ್ತು ಕಲಕಿ. ಕ್ಲೋರೋನಾಫ್ತಲೀನ್ ಬದಲು ಡೈಅಯೋಡೋಆಕ್ಟೇನ್ ಹಾಕುತ್ತಿದ್ದರೆ ಬಿಟ್ಟುಬಿಡಿ. ಅದು 330 ಡಿಗ್ರಿ ದಾಟಿದ ಮೇಲೆ ಕುದಿಯುವ ಸರಕು, ಫಿಲ್ಮಿನಲ್ಲೇ ಉಳಿದು ಬೆಳಕಿಗೆ ಒಡೆದು ಪದರವನ್ನು ತಿನ್ನುತ್ತದೆ. ವೈ6ನಲ್ಲಿ ಸ್ವಲ್ಪ ಕಡಿಮೆ ಮಾಡಿ 1:1:0.2 ಲೆಕ್ಕದಲ್ಲಿ ಪಿಸಿ71ಬಿಎಂ (ಎಲೆಕ್ಟ್ರಾನ್ ಪಡೆಯುವ ಇನ್ನೊಂದು ಇಂಗಾಲದ ಚೆಂಡಿನಂಥ ಅಣು) ಸೇರಿಸಿ ನೋಡಿ, ವೋಲ್ಟೇಜೂ ಫಿಲ್ ಫ್ಯಾಕ್ಟರೂ (ಗರಿಷ್ಠ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟಿನ ಗುಣಲಬ್ಧದಲ್ಲಿ ನಿಜವಾಗಿ ಸಿಗುವ ಪಾಲು) ಸಾಮಾನ್ಯವಾಗಿ ಏರುತ್ತವೆ. ಸಿಕ್ಕ ಕರೆಂಟನ್ನು ಇಕ್ಯೂಇ (ಪ್ರತಿ ಬಣ್ಣದ ಬೆಳಕಿನ ಎಷ್ಟು ಪಾಲು ಎಲೆಕ್ಟ್ರಾನ್ ಆಗುತ್ತದೆ ಎಂಬ ಅಳತೆ) ಲೆಕ್ಕದೊಂದಿಗೆ ತಾಳೆ ಹಾಕಿ. 5%ಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ಸಾಮಾನ್ಯವಾಗಿ ಮಾಸ್ಕಿನದೋ (ಬೆಳಕು ಬೀಳುವ ಜಾಗ ನಿಗದಿ ಮಾಡುವ ತಗಡು) ಪರೀಕ್ಷೆಯ ದೀಪದ್ದೋ ಇರುತ್ತದೆ.

ಸೀಲ್ ಮಾಡುವಾಗ ಹಲವರು ಎಡವುವುದು ಅಂಚಿನಲ್ಲಿ. ಎಪಾಕ್ಸಿಯನ್ನು ಸಾವಯವ ಪದರದ ಮೇಲೆಯೇ ಅಂಟಿಸಿದರೆ ತೇವಾಂಶ ಆ ಪದರದ ಗುಂಟವೇ ಒಳಗೆ ನುಗ್ಗುತ್ತದೆ. ಬೆಳ್ಳಿ ಹಾಕುವ ಮೊದಲೇ ಹತ್ತಿಕಡ್ಡಿಯನ್ನು ಕ್ಲೋರೋಫಾರ್ಮಿನಲ್ಲಿ ಅದ್ದಿ ಸುತ್ತಲೂ 2-3 ಮಿ.ಮೀ ಒರೆಸಿಬಿಡಿ, ಎಪಾಕ್ಸಿ ಬರಿಯ ಗಾಜನ್ನೋ ಐಟಿಓವನ್ನೋ ಕಚ್ಚಬೇಕು.