ಹಳೇ ಹಾಜರಿ ಬಾಯಿಪಾಠ, ಮೊನ್ನೆ ಬಂದ ಬೀಗರು ನೆನಪಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆಗೆಂದು ನನ್ನ ಬಳಿ ಬಂದವರು 69 ವರ್ಷದ ನಿವೃತ್ತ ಮೇಷ್ಟ್ರು, ಜೊತೆಗೆ ಮಗಳು. "1982ರ ಬ್ಯಾಚಿನ ಹುಡುಗರ ಹೆಸರೆಲ್ಲ ಸಾಲಾಗಿ ಹೇಳ್ತಾರೆ ಮೇಡಂ. ಮೊನ್ನೆ ಬೀಗರು ಬಂದು ಹೋಗಿದ್ದು ಮಾತ್ರ ಗೊತ್ತೇ ಇಲ್ಲ ಅಂತಾರೆ. ಬೇಕಂತಲೇ ಮಾಡ್ತಾರೆ" ಎಂದಳು ಮಗಳು. ಮೇಷ್ಟ್ರು, "ಅರಳುಮರಳು ಶುರುವಾಯ್ತಮ್ಮ, ಇನ್ನೇನು" ಎಂದು ಸುಮ್ಮನಾದರು.

ಬೇಕಂತಲೇ ಅಲ್ಲ ಎಂದು ಮೊದಲು ಮಗಳಿಗೆ ಬಿಡಿಸಿ ಹೇಳಬೇಕಾಯಿತು. ಹತ್ತರಿಂದ ಮೂವತ್ತು ವರ್ಷ ವಯಸ್ಸಿನೊಳಗಿನ ನೆನಪುಗಳು ಬಹುತೇಕ ಹಿರಿಯರಲ್ಲಿ ಗಟ್ಟಿಯಾಗಿರುತ್ತವೆ. ಹೇಳಿ ಹೇಳಿ ಬೇರೂರಿ, ಮಿದುಳಿನ ಹೊರಪದರದ ತುಂಬ ಹರಡಿಕೊಂಡಿರುತ್ತವೆ. ಹೊಸ ಸಂಗತಿ ಮಾತ್ರ ಮೊದಲು ಹಿಪೊಕ್ಯಾಂಪಸ್ ಎಂಬ ಭಾಗವನ್ನು ಹಾದೇ ಬರಬೇಕು. ವಯಸ್ಸಾದಂತೆ ಅದು ಕುಗ್ಗುತ್ತದೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಅವರ ರಾತ್ರಿಗಳು. ಹೆಂಡತಿ ತೀರಿಕೊಂಡಾಗಿನಿಂದ ನಿದ್ದೆಯಿಲ್ಲ. ಯಾವಾಗಲೋ ಬರೆಸಿಕೊಂಡ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅಲ್ಪ್ರಾಜೋಲಾಮ್ ಮಾತ್ರೆ ತರುತ್ತಿದ್ದರು. ಗಾಢ ನಿದ್ದೆಯಲ್ಲಿ ಮಿದುಳಿನ ಮುಂಭಾಗದಿಂದ ನಿಧಾನದ ವಿದ್ಯುತ್ ಅಲೆಗಳು ಏಳುತ್ತವೆ. ಅವುಗಳ ಮೇಲೆ, ಸೆಕೆಂಡಿಗೆ 12ರಿಂದ 15 ಸಲ ಮಿಡಿಯುವ ಸ್ಪಿಂಡಲ್ ಅಲೆಗಳು ತಾಳಕ್ಕೆ ಮೃದಂಗ ಕೂಡಿದಂತೆ ಕೂಡಬೇಕು. ಆಗ ಹಗಲಿನ ಸಂಗತಿ ಬಹುಕಾಲ ಉಳಿಯುವ ನೆನಪಾಗುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯರ ಸ್ಪಿಂಡಲ್‌ಗಳು ಹೊತ್ತಿಗೆ ಮುಂಚೆಯೇ ಬಂದು ಈ ಹೊಂದಾಣಿಕೆ ತಪ್ಪುತ್ತಿತ್ತು. ವಯಸ್ಸಿನ ಈ ಪೆಟ್ಟಿನ ಮೇಲೆ ಆ ಮಾತ್ರೆ ಬೇರೆ: ನಿದ್ದೆ ಬರಿಸುತ್ತದೆ, ಆದರೆ ನಿಧಾನದ ಅಲೆಗಳನ್ನು ತಗ್ಗಿಸುತ್ತದೆ. ಮರೆವೂ ಅದರ ಅಡ್ಡಪರಿಣಾಮವೇ.

ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ, ಅದು ಅಪಾಯ. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ಎಂದೆ. ಬಿ12, ಥೈರಾಯ್ಡ್, ಕಿವಿ ಪರೀಕ್ಷೆಗೂ ಕಳಿಸಿದೆ. (ಸರಿಯಾಗಿ ಕೇಳಿಸದ್ದನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ?) ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರಬಾರದು. ವಾರಕ್ಕೆ ಮೂರು ದಿನವಾದರೂ ನಲವತ್ತು ನಿಮಿಷ ಬಿರುಸಿನ ನಡಿಗೆ ಬೇಕು. 120 ಹಿರಿಯರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷವಿಡೀ ಹೀಗೆ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು.

ಮಗಳಿಗೆ ಹೇಳಿದ್ದು ಬೇರೆ. "ಹೇಳಿದ್ನಲ್ಲಪ್ಪ, ಮರೆತೇಬಿಟ್ರಾ?" ಎಂದು ನಾಲ್ಕು ಜನರ ಮುಂದೆ ಕೇಳುವುದನ್ನು ಬಿಡಬೇಕು. ನಾಚಿಕೆಗೆ ಬಿದ್ದವರು ಮಾತನ್ನೇ ಕಡಿಮೆ ಮಾಡುತ್ತಾರೆ. ಆಮೇಲೆ ನೆನಪಿಡಲು ಹೊಸದೇನೂ ಉಳಿಯುವುದಿಲ್ಲ. ಬೀಗರು ಬಂದು ಹೋದ ಸಂಜೆ ಅದನ್ನೇ ಹರಟಬೇಕು, ಎರಡು ದಿನ ಬಿಟ್ಟು ಮತ್ತೆ ಮಾತಿಗೆ ತರಬೇಕು. ಆದರೆ ದಿನವೂ ಓಡಾಡುವ ದಾರಿ ತಪ್ಪಿದರೆ, ಐದು ನಿಮಿಷದಲ್ಲಿ ಕೇಳಿದ್ದನ್ನೇ ಕೇಳಿದರೆ, ಹಣದ ಲೆಕ್ಕ ಕೈತಪ್ಪಿದರೆ ವಯಸ್ಸಿನ ಮೇಲೆ ಹಾಕಿ ಕೂರದೆ ನರರೋಗ ತಜ್ಞರನ್ನು ಕಾಣಬೇಕು.

ಬಿ12 ಕಡಿಮೆಯಿತ್ತು; ಇಂಜೆಕ್ಷನ್ ಶುರುವಾಗಿದೆ. ಮಾತ್ರೆ ಅರ್ಧಕ್ಕೆ ಇಳಿದಿದೆ. ಹೆಂಡತಿಯ ವಿಚಾರವನ್ನು ಮೇಷ್ಟ್ರು ಇನ್ನೂ ಎತ್ತಿಲ್ಲ. ಮುಂದಿನ ಭೇಟಿಗೆ ಒಬ್ಬರೇ ಬರಲು ಹೇಳಿದ್ದೇನೆ.