ಅಡಿಕೆ ಹಾಳೆ ಕೊಡುವವರ ಸಂಘವೇ, ತಟ್ಟೆ ಒತ್ತುವವರ ಸಂಘವೇ?

ಗುರುತು ಸಿಗದಂತೆ ಊರಿನ ಹೆಸರನ್ನು ಬಿಟ್ಟು, ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಉತ್ತರಕ್ಕೆ, ಕರ್ನಾಟಕದ ಗಡಿಯಿಂದ ಕೂಗಳತೆಯ ದೂರದಲ್ಲಿರುವ ಅಡಿಕೆ ತೋಟಗಳ ಊರಿನಿಂದ ಇಬ್ಬರು ಸಹಕಾರ ಸಂಘ ಕಟ್ಟುವ ಬಗ್ಗೆ ನನ್ನಲ್ಲಿ ಸಲಹೆ ಕೇಳಲು ಬಂದಿದ್ದರು. ಒಬ್ಬರು ನಿವೃತ್ತ ಅಧ್ಯಾಪಕರು, ಊರಿಗೆಲ್ಲ ಮಾಷ್ಟ್ರು. ಇನ್ನೊಬ್ಬರು ಅವರ ಶೆಡ್ಡಿನಲ್ಲಿ ಹಾಳೆಯನ್ನು, ಅಂದರೆ ಅಡಿಕೆ ಮರದಿಂದ ಉದುರುವ ಸೋಗೆಯ ಅಗಲವಾದ ಬುಡವನ್ನು, ಯಂತ್ರದಲ್ಲಿ ಒತ್ತಿ ತಟ್ಟೆ ಮಾಡುವ ಹೆಂಗಸರ ಮುಂದಾಳು. ನಾನು ಅವರನ್ನು ಅಕ್ಕ ಎಂದೇ ಕರೆದೆ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಕೂಟಗಳಲ್ಲಿ ಒಟ್ಟಾಗಿದ್ದ 27 ಹೆಂಗಸರು ಅಲ್ಲಿ ದುಡಿಯುತ್ತಾರೆ, 40 ಮಂದಿ ಕೃಷಿಕರು ಹಾಳೆ ಕೊಡುತ್ತಾರೆ. ಯಂತ್ರಗಳಿಗೆ ಹಣ ಹಾಕಿದವರು ಮಾಷ್ಟ್ರು. ಎಲ್ಲರನ್ನೂ ಸೇರಿಸಿ ಒಂದು ಸಹಕಾರ ಸಂಘವನ್ನು ನೋಂದಾಯಿಸಬೇಕೆಂಬ ಆಸೆ ಇಬ್ಬರಿಗೂ ಇತ್ತು. ಆದರೆ ಒಂದು ವರ್ಷದಿಂದ ಕರೆದ ಪ್ರತಿ ಸಭೆಯೂ ಜಗಳದಲ್ಲಿ ಮುಗಿದಿತ್ತು. ‘ಹೆಂಗಸರಿಗೆ ವ್ಯವಹಾರದ ಲೆಕ್ಕ ಗೊತ್ತಾಗುವುದಿಲ್ಲ’ ಎಂದರು ಮಾಷ್ಟ್ರು. ‘ಲೆಕ್ಕ ಗೊತ್ತಾಗುತ್ತದೆ ಮಾಷ್ಟ್ರೇ, ಅದಕ್ಕೇ ಜಗಳ’ ಎಂದರು ಅಕ್ಕ.

ಅಕ್ಕನ ಮಾತು ಸರಿಯಾಗಿತ್ತು. ತಟ್ಟೆಯ ಮಾರಾಟದ ಬೆಲೆಯನ್ನು ಪೇಟೆ ನಿರ್ಧರಿಸುತ್ತದೆ. ವಿದ್ಯುತ್ತು, ಸಾಗಣೆ ಕಳೆದು ಉಳಿಯುವ ಹಣದಲ್ಲಿ ಹಾಳೆಯ ದರಕ್ಕೆ ಒಂದು ರೂಪಾಯಿ ಹೆಚ್ಚಿಸಿದರೆ ಒತ್ತುವ ಕೂಲಿಯಿಂದ ಅದೇ ಒಂದು ರೂಪಾಯಿ ಇಳಿಯಬೇಕು. ಒಬ್ಬ ಸದಸ್ಯನಿಗೆ ಒಂದೇ ಮತವೆಂಬ ಸಹಕಾರಿ ನಿಯಮ ಬಂದೊಡನೆ 40 ಮತಗಳು 27 ಮತಗಳನ್ನು ಪ್ರತಿ ಬಾರಿಯೂ ಸೋಲಿಸುತ್ತವೆ. ಮಾಷ್ಟ್ರು ಜಗಳವನ್ನು ಸ್ವಭಾವದ ದೋಷವೆಂದು ಭಾವಿಸಿದ್ದರು. ನನಗೆ ಅದು ವಿನ್ಯಾಸದ ದೋಷವಾಗಿ ಕಂಡಿತು.

ಸಂಘವು ಏನನ್ನು ಮಾರುತ್ತದೆ ಎಂಬುದರಿಂದ ಅದರ ವರ್ಗ ತಿಳಿಯುವುದಿಲ್ಲ, ಸದಸ್ಯನು ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆ ಎಂಬುದರಿಂದ ತಿಳಿಯುತ್ತದೆ ಎಂದು ಅವರಿಗೆ ವಿವರಿಸಿದೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅಂಗಡಿ ತೆರೆದವರು ಕೊಳ್ಳುವವರಾಗಿ ಸೇರಿದರು. ಆದ್ದರಿಂದ ಮಿಗತೆಯನ್ನು, ಅಂದರೆ ಖರ್ಚು ಕಳೆದು ಉಳಿದ ಹಣವನ್ನು, ಖರೀದಿಯ ಪ್ರಮಾಣದಲ್ಲಿ ಹಂಚಿಕೊಂಡರು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋಗೆ ನಮ್ಮ ಕಡೆಯ ಕೃಷಿಕರು ಅಡಿಕೆ ಮಾರುವವರಾಗಿ ಸೇರಿದ್ದಾರೆ. ಅಂಥ ಸಂಘಕ್ಕೆ ಬೆಳೆದವನಿಗೆ ಒಳ್ಳೆಯ ದರ ಸಿಗುವುದೇ ಗುರಿ. 1925ರಲ್ಲಿ ವಡಗರದ ಬಳಿ ಆರಂಭವಾದ ಊರಾಳುಂಗಲ್ ಕಾರ್ಮಿಕರ ಸಂಘವಾಗಲಿ, 1969ರಲ್ಲಿ ಕಣ್ಣೂರಿನಲ್ಲಿ ಆರಂಭವಾದ ದಿನೇಶ್ ಬೀಡಿಯಾಗಲಿ ದುಡಿಯುವವರದು. ಅಲ್ಲಿ ಗುರಿ ಕೆಲಸ ಮತ್ತು ಕೂಲಿ. ಬೀಡಿ ಸಂಘಕ್ಕೆ ತಂಬಾಕು ಬೆಳೆಯುವವನು ಸದಸ್ಯನಾಗಬೇಕೆಂದು ಯಾರೂ ಕೇಳಲಿಲ್ಲ. ಇಲ್ಲಿ ಮಾತ್ರ ಎರಡು ಬಾಗಿಲುಗಳನ್ನು ಒಂದೇ ಗೋಡೆಯಲ್ಲಿ ಕೊರೆಯಲು ಹೊರಟಿದ್ದರು. ಹಲವು ಬಗೆಯ ಸದಸ್ಯರಿರುವ ಮಿಶ್ರ ಸಂಘಗಳೂ ಇವೆ. ಆದರೆ ಅವು ಉಳಿಯಬೇಕಾದರೆ ಪ್ರತಿ ಬಗೆಯ ಸದಸ್ಯರಿಗೂ ಆಡಳಿತ ಮಂಡಳಿಯಲ್ಲಿ ಮೀಸಲು ಸ್ಥಾನ ಮತ್ತು ದರದ ವಿಚಾರದಲ್ಲಿ ತಡೆಯುವ ಅಧಿಕಾರ ಇರಬೇಕಾಗುತ್ತದೆ, ಹೊಸ ಸಂಘಕ್ಕೆ ಅದು ಭಾರ.

ಹಾಗಾದರೆ ಯಾವ ಬಾಗಿಲು? ಈ ಘಟಕ ನಾಳೆ ಮುಚ್ಚಿದರೆ ಯಾರ ಮನೆಯ ಒಲೆಗೆ ತೊಂದರೆ ಎಂದು ಕೇಳಿದೆ. ಕೃಷಿಕನಿಗೆ ಹಾಳೆ ಉಪಉತ್ಪನ್ನ. ಮಾರದಿದ್ದರೆ ದನಕ್ಕೆ ಹಾಕುತ್ತಾನೆ, ಅಥವಾ ಮರದ ಬುಡಕ್ಕೆ ಸೊಪ್ಪಾಗಿ ಹೋಗುತ್ತದೆ, ಅವನ ಜೀವನ ಅಡಿಕೆಯ ಮೇಲಿದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆಗಳ ಆಮದಿಗೆ ತಡೆಯೊಡ್ಡಿದಾಗ ರಫ್ತಿನ ಏಜೆಂಟರೊಬ್ಬರು ಇವರಿಂದ ಮಾಲು ಕೊಳ್ಳುವುದನ್ನು ನಿಲ್ಲಿಸಿದ್ದರು. ಆ ತಿಂಗಳುಗಳಲ್ಲಿ ಕೃಷಿಕರ ಪೈಕಿ ಯಾರೂ ಸಾಲ ಮಾಡಲಿಲ್ಲ. ಹೆಂಗಸರಲ್ಲಿ ಹಲವರು ಚಿನ್ನ ಅಡವಿಟ್ಟರು. ಇದನ್ನು ಅಕ್ಕ ಹೇಳಿದಾಗ ಮಾಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. 1969ರ ಕೇರಳ ಸಹಕಾರ ಸಂಘಗಳ ಕಾಯಿದೆಯಡಿ ದುಡಿಯುವವರದೇ ಸಂಘವನ್ನು ನೋಂದಾಯಿಸಿ, ಮಿಗತೆಯನ್ನು ಒತ್ತಿದ ತಟ್ಟೆಗಳ ಲೆಕ್ಕದಲ್ಲಿ ಹಂಚಿರಿ. ಕೃಷಿಕರನ್ನು ಸದಸ್ಯರನ್ನಾಗಿ ಮಾಡದೆ, ಹಾಳೆ ಬೀಳುವ ಕಾಲ ಜೋರಾಗುವ ಮೊದಲೇ ಗಾತ್ರ ಮತ್ತು ಗುಣಕ್ಕೆ ತಕ್ಕ ದರವನ್ನು ಲಿಖಿತ ಒಪ್ಪಂದದಲ್ಲಿ ನಿಗದಿಪಡಿಸಿರಿ. ಅತ್ಯಂತ ಕಷ್ಟದ ಅಂಶ ದುಡಿಯುವ ಬಂಡವಾಳ. ಮಳೆಗೆ ನೆನೆದ ಹಾಳೆಗೆ ಬೂಷ್ಟು ಹಿಡಿಯುವುದರಿಂದ ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಮಾಲನ್ನೆಲ್ಲ ಬೇಸಗೆಯಲ್ಲೇ ಕೊಂಡು ಒಣಗಿಸಿ ಅಟ್ಟಕ್ಕೇರಿಸಬೇಕು. ಹಣ ಮೊದಲು ಹೋಗುತ್ತದೆ, ಮಾರಾಟ ಆಮೇಲೆ ಬರುತ್ತದೆ. ಆದ್ದರಿಂದ ಅರ್ಧ ಹಣವನ್ನು ಕೂಡಲೇ, ಉಳಿದರ್ಧವನ್ನು ಚೌತಿಯ ಹೊತ್ತಿಗೆ ಕೊಡುವುದೆಂದೂ, ಕಾಯುವ ಕೃಷಿಕನಿಗೆ ದರದಲ್ಲಿ ಸ್ವಲ್ಪ ಹೆಚ್ಚು ಸಿಗುವುದೆಂದೂ ಒಪ್ಪಂದದಲ್ಲಿ ಸೇರಿಸಲು ಹೇಳಿದೆ.

ಗಡಿಯಾಚೆಯ ಅಡ್ಯನಡ್ಕ, ವಿಟ್ಲದ ಕಡೆಯ ಕೃಷಿಕರನ್ನೂ ಸೇರಿಸಿಕೊಳ್ಳುವ ಯೋಚನೆ ಮಾಷ್ಟ್ರಿಗಿತ್ತು. ವ್ಯಕ್ತಿಗಳೇ ಸದಸ್ಯರಾಗಿರುವ ಬಹುರಾಜ್ಯ ಸಹಕಾರ ಸಂಘಕ್ಕೆ 2002ರ ಕಾಯಿದೆಯಂತೆ ಪ್ರತಿ ರಾಜ್ಯದಿಂದ ಕನಿಷ್ಠ 50 ಮಂದಿ ಬೇಕು. ಆದರೆ ಆಚೆಯಿಂದ ಹಾಳೆ ಕೊಳ್ಳಲು ಕೊಡುವವನು ಸದಸ್ಯನಾಗಿರಬೇಕೆಂದೇನೂ ಇಲ್ಲ. ಆ ವಿಚಾರ ಅಲ್ಲಿಗೇ ಮುಗಿಯಿತು.

ಉಳಿದದ್ದು ಮಾಷ್ಟ್ರ ನೋವು. ‘ಹಾಗಾದರೆ ಆರಂಭಿಸಿದ ನಾನು ಯಾರು?’ ಎಂದು ಕೇಳಿದರು. ಯಂತ್ರದ ಹಣವನ್ನು ನಿಗದಿತ ಬಡ್ಡಿಯ ಸಾಲವೆಂದು, ಶೆಡ್ಡನ್ನು ಬಾಡಿಗೆಯದೆಂದು ಬರೆಸಿಕೊಳ್ಳಿ, ಎರಡಕ್ಕೂ ಮತ ಇರುವುದಿಲ್ಲ ಎಂದೆ. ಈ ಮಾತನ್ನು ಇನ್ನಷ್ಟು ಮೆದುವಾಗಿ ಹೇಳಬಹುದಿತ್ತೆಂದು ಈಗಲೂ ಅನಿಸುತ್ತದೆ. ಸಂಘದ ಒಳನಿಯಮಗಳಾದ ಉಪವಿಧಿಗಳ ಕರಡು ಮಲಯಾಳದಲ್ಲಿದೆ, ಹೆಂಗಸರು ಮಾತಾಡುವುದು ತುಳು, ಓದುವುದು ಕನ್ನಡ. ಅದನ್ನು ಕನ್ನಡಕ್ಕೆ ತಂದು ಸಭೆಯಲ್ಲಿ ಸಾಲು ಸಾಲಾಗಿ ಓದಿ ಹೇಳುವ ಕೆಲಸವನ್ನು ಮಾಷ್ಟ್ರಿಗಿಂತ ಚೆನ್ನಾಗಿ ಯಾರೂ ಮಾಡಲಾರರು ಎಂದಾಗ ಅವರು ಕನ್ನಡಕ ಹಾಕಿಕೊಂಡು ಕರಡನ್ನು ಕೈಗೆತ್ತಿಕೊಂಡರು.

ಮೂರು ತಿಂಗಳ ಬಳಿಕ ಅಕ್ಕ ಫೋನ್ ಮಾಡಿದ್ದರು. ಆರು ಮಂದಿ ಕೃಷಿಕರು ಮತವಿಲ್ಲದ ಮೇಲೆ ಹಾಳೆಯೂ ಇಲ್ಲವೆಂದು ಬಿಟ್ಟುಹೋಗಿದ್ದಾರೆ. ಉಳಿದವರು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ನೋಂದಣಿಯ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಶೆಡ್ಡಿನ ಬಾಡಿಗೆ ಎಷ್ಟೆಂಬುದು ಮಾತ್ರ ತೀರ್ಮಾನವಾಗಿಲ್ಲವಂತೆ.