ಗುಂಡಿ ಚೀಲದ ಲೇಖನದ ಬಗ್ಗೆ

ನಮಸ್ಕಾರ ಮೇಡಂ,

ಸ್ವತಂತ್ರ ಘಟನೆಗಳ, ಅಂದರೆ ಒಂದು ಆದರೂ ಆಗದಿದ್ದರೂ ಇನ್ನೊಂದರ ಸಾಧ್ಯತೆ ಬದಲಾಗದ ಘಟನೆಗಳ, ಸಂಭವನೀಯತೆಯನ್ನು ಅಂಗಿ ಗುಂಡಿಗಳ ಚೀಲದಿಂದ ಕಲಿಸುವ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಹಾಕಲಾಗದು. ಚಟುವಟಿಕೆ ಒಳ್ಳೆಯದೇ, ಆದರೆ ಸಾಬೀತಾಯಿತು ಎಂದು ನೀವು ಹೇಳುವುದು ಅದರಿಂದ ಸಾಬೀತಾಗಿಲ್ಲ.

ನಿಮ್ಮ ಚೀಲದಲ್ಲಿ ಮೂರು ಕೆಂಪು, ಎರಡು ನೀಲಿ ಗುಂಡಿ. ಒಂದು ತೆಗೆದು, ಬಣ್ಣ ನೋಡಿ, ವಾಪಸ್ ಹಾಕಿ, ಇನ್ನೊಂದು ತೆಗೆಯುವುದು. ಎರಡೂ ಕೆಂಪಾಗುವ ಸಂಭವನೀಯತೆ 3/5 × 3/5 = 9/25. ಸರಿ. ಆಮೇಲೆ ‘ಪ್ರತಿ ಮಗುವೂ ಹತ್ತು ಸಲ ಮಾಡಿತು, ಉತ್ತರ ತಾಳೆಯಾಯಿತು’ ಎನ್ನುತ್ತೀರಿ. ತಾಳೆಯಾಗಲು ಹತ್ತರಲ್ಲಿ 3.6 ಸಲ ಬರಬೇಕಲ್ಲ! ಮೂರು ಸಲ ಬಂತು ಅನ್ನಿ: 3/10. ಗುಂಡಿ ವಾಪಸ್ ಹಾಕದಿದ್ದರೆ ಬರಬೇಕಾದ ಉತ್ತರವೂ ಕರಾರುವಾಕ್ಕಾಗಿ ಅದೇ, 3/5 × 2/4. ಅಂದಮೇಲೆ ಯಾವುದು ಸ್ವತಂತ್ರ, ಯಾವುದು ಅಲ್ಲ ಎಂದು ಈ ಪ್ರಯೋಗ ಬೇರ್ಪಡಿಸುವುದೇ ಇಲ್ಲ.

ಹೀಗೆ ಬದಲಿಸಿ: ಎರಡು ಕೆಂಪು, ಎರಡು ನೀಲಿ ಸಾಕು. ನಲವತ್ತು ಮಕ್ಕಳಿದ್ದರೆ ಇಪ್ಪತ್ತು ಜೋಡಿ. ಒಬ್ಬರು ತೆಗೆಯಲಿ, ಇನ್ನೊಬ್ಬರು ಬರೆಯಲಿ. ವಾಪಸ್ ಹಾಕಿ ಮೂವತ್ತು ಸಲ, ಹಾಕದೆ ಮೂವತ್ತು ಸಲ. ಎರಡೂ ಕೆಂಪಾಗುವುದು ಜೋಡಿಗೆ ಸರಾಸರಿ, ವಾಪಸ್ ಹಾಕಿದರೆ ಏಳೆಂಟು ಸಲ (2/4 × 2/4 = 1/4), ಹಾಕದಿದ್ದರೆ ಐದು ಸಲ (2/4 × 1/3 = 1/6). ಇಷ್ಟರಿಂದ ಏನೂ ತಿಳಿಯದು, ಕೆಲವು ಜೋಡಿಗಳಿಗೆ ಉಲ್ಟಾ ಕೂಡ ಬರುತ್ತದೆ. ಎಲ್ಲರದ್ದನ್ನೂ ಬೋರ್ಡಿನ ಮೇಲೆ ಕೂಡಿಸಿದರೆ 600ಕ್ಕೆ 150ರ ಆಸುಪಾಸು, 100ರ ಆಸುಪಾಸು. ಹತ್ತಿಪ್ಪತ್ತು ಹೆಚ್ಚುಕಮ್ಮಿಯಾದರೂ ಅಂತರ ಎದ್ದು ಕಾಣುತ್ತದೆ.

ಎರಡೂ ಕೆಂಪಾದಾಗ ಒಂದು ಗೀಟು, ಅಷ್ಟೇ ಬರೆಸಿದ್ದೀರಿ. ಕೈಗೆ ಬಂದದ್ದನ್ನು ಬಿಟ್ಟದ್ದು ಇಲ್ಲೇ. ಮೊದಲ ಗುಂಡಿಗೊಂದು, ಎರಡನೆಯದಕ್ಕೊಂದು ಕಾಲಂ ಇರಲಿ. ಆಗ ಕೆಂಪಿನಿಂದ ಶುರುವಾದ ಸಾಲುಗಳನ್ನಷ್ಟೇ ಹೆಕ್ಕಿ, ಅವುಗಳಲ್ಲಿ ಎರಡನೆಯದೂ ಕೆಂಪಾದದ್ದು ಎಷ್ಟು ಎಂದು ಎಣಿಸಬಹುದು. ವಾಪಸ್ ಹಾಕಿದ್ದರೆ ಸುಮಾರು ಅರ್ಧ, ಹಾಕದಿದ್ದರೆ ಮೂರರಲ್ಲೊಂದು. ನೀಲಿಯಿಂದ ಶುರುವಾದವುಗಳಲ್ಲಿ? ವಾಪಸ್ ಹಾಕಿದ್ದರೆ ಮತ್ತೆ ಅರ್ಧವೇ, ಹಾಕದಿದ್ದರೆ ಮೂರರಲ್ಲಿ ಎರಡು. ವಾಪಸ್ ಹಾಕಿದಾಗ, ಮೊದಲು ಏನೇ ಬರಲಿ, ಎರಡನೆಯದು ಕೆಂಪಾಗುವ ಪಾಲು ಕದಲದಿರುವುದನ್ನು ಮಕ್ಕಳು ಇಲ್ಲಿ ಕಣ್ಣಾರೆ ನೋಡುತ್ತಾರೆ. ಗುಣಾಕಾರ ಆಮೇಲೆ ಹೇಳಿಕೊಡಿ.

ಪ್ರಯೋಗ ಎಲ್ಲಿ ಕೆಡುತ್ತದೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಗುಂಡಿಗಳನ್ನು ಚಿಕ್ಕಪೇಟೆಯಲ್ಲಿ ಕೊಂಡರೂ ಸರಿ, ಮನೆಯ ಹಳೇ ಡಬ್ಬಿಯವಾದರೂ ಸರಿ, ಆದರೆ ಅಳತೆ, ದಪ್ಪ, ಅಂಚು ಎಲ್ಲ ಒಂದೇ ಇರಬೇಕು. ಇಲ್ಲವಾದರೆ ಬಣ್ಣ ಬೆರಳಿಗೇ ಗೊತ್ತಾಗುತ್ತದೆ. ವಾಪಸ್ ಹಾಕಿದ ಗುಂಡಿ ಮೇಲೇ ಕೂತಿರುತ್ತದೆ. ಚೀಲ ಕುಲುಕದೆ ಕೈ ಹಾಕಿದರೆ ಮತ್ತೆ ಅದೇ ಸಿಕ್ಕಿ, ಕೆಂಪು-ಕೆಂಪು 150 ದಾಟಿ ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಬಟ್ಟೆ ಚೀಲವೇ ಆಗಲಿ.

ಇನ್ನೆರಡು ತಪ್ಪು. ಸಂಜೆ ಮಳೆ ಬರುವುದು, ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ ಜಾಮ್ ಆಗುವುದು ಸ್ವತಂತ್ರ ಘಟನೆಗಳು ಎಂದಿದ್ದೀರಿ. ಬೆಂಗಳೂರಿನ ಓದುಗರು ನಕ್ಕುಬಿಡುತ್ತಾರೆ. ‘ಸ್ವತಂತ್ರ ಘಟನೆಗಳು ಒಟ್ಟಿಗೆ ಆಗುವುದಿಲ್ಲ’ ಎಂಬ ಸಾಲು ಇನ್ನೂ ಅಪಾಯಕಾರಿ. ಒಟ್ಟಿಗೆ ಆಗಲಾರದವು ಒಂದನ್ನೊಂದು ಅವಲಂಬಿಸಿಯೇ ಇರುತ್ತವೆ: ಒಂದು ಆಯಿತೆಂದರೆ ಇನ್ನೊಂದರ ಸಂಭವನೀಯತೆ ಸೊನ್ನೆ. ಅದರ ಬದಲು ಒಂದೇ ದಾಳ ಉರುಳಿಸಿ. ಸಮಸಂಖ್ಯೆ ಬರುವುದು 1/2, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬರುವುದು 2/3, ಎರಡೂ ಆಗುವುದು 2 ಅಥವಾ 4 ಬಿದ್ದಾಗ, ಅಂದರೆ 1/3. ಗುಣಿಸಿದರೂ ಅದೇ. ಒಟ್ಟಿಗೇ ಆಗುತ್ತವೆ, ಆದರೂ ಸ್ವತಂತ್ರ.

‘ಗಣಿತವೆಂದರೆ ಭಯ’ ಎಂಬ ಮೊದಲ ಪುಟ ಪೂರ್ತಿ ತೆಗೆದುಹಾಕಿ. ಚೀಲದ ಫೋಟೊ ಬೇಡ. ಮಕ್ಕಳು ತುಂಬಿಸಿದ ಹಾಳೆಯದ್ದು ಕಳಿಸಿ, ಹೊಡೆದುಹಾಕಿದ ಸಾಲುಗಳ ಸಮೇತ.

ಸಂಪಾದಕ